ಕೀಳಿಸುವ ಮೊದಲು ಕೇಳಬೇಕಾದ ಮಾತು



ಹೋದ ಬೇಸಿಗೆಯಲ್ಲಿ ಒಂದು ಮದುವೆಗೆಂದು ನಾವು ಕೆಲವರು ಕರ್ನೂಲು ಜಿಲ್ಲೆಯ ಸಿ. ಬೆಳಗಲ್ಲಿಗೆ ಹೋಗಿದ್ದೆವು. ಆದೋನಿ, ಕೋಸಿಗಿ ಸೀಮೆಯ ಸಂಗತಿ ನಿಮಗೆ ಗೊತ್ತೇ ಇದೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಜನ ಕೂಲಿಗೆ ಹೊರಡುತ್ತಾರೆ. ಹೆಚ್ಚಿನವರು ಗುಂಟೂರಿನ ಕಡೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವವರು. ನಮ್ಮಂಥ ಕೆಲವು ಮನೆಯವರು ಮಲೆನಾಡಿನ ಕಾಫಿ ತೋಟ ಸೇರಿ ಅಲ್ಲಿಯೇ ನಿಂತುಬಿಟ್ಟೆವು. ಮದುವೆ, ಸಾವು ಬಂದಾಗ ಮಾತ್ರ ಊರು.

ಮದುವೆಯ ಮರುದಿನ ಬೆಳಿಗ್ಗೆ ಜೋಳದ ರೊಟ್ಟಿಗೆ ಕೂತೆವು. ನಮ್ಮ ಜೊತೆಗೇ ತೋಟದಿಂದ ಬಂದಿದ್ದ ಒಬ್ಬ ಚಿಗವ್ವ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಹಾಕಿ ಕಾಯುತ್ತಾ ಕೂತಿದ್ದರು. ವಯಸ್ಸು ನಲವತ್ತೈದು ದಾಟಿಲ್ಲ. "ಯಾಕ ಚಿಗವ್ವಾ, ರೊಟ್ಟಿ ಬಿರುಸಾತೇನು?" ಎಂದು ಕೇಳಿದೆವು. "ರೊಟ್ಟಿ ಸರಿ ಐತಪ್ಪಾ, ಅಗಿಯಾಕ ಹಲ್ಲs ಇಲ್ಲ. ಎರಡೂ ಕಡೀದು ಕೂಡಿ ಏಳು ಕೀಳಿಸೀನಿ" ಎಂದರು. ಎರಡನ್ನು ಸಂತೆಯಲ್ಲಿ ಕೂತು ಹಲ್ಲು ಕೀಳುವವನ ಹತ್ತಿರ, ಐದನ್ನು ಆಸ್ಪತ್ರೆಗಳಲ್ಲಿ ಕೀಳಿಸಿದ್ದರಂತೆ. ಅವುಗಳಲ್ಲಿ ಉಳಿಸಬಹುದಾದ ಹಲ್ಲು ಯಾವುದಾದರೂ ಇತ್ತೇ, ವೈದ್ಯರು ಏನಾದರೂ ಹೇಳಿದರೇ ಎಂದು ವಿಚಾರಿಸಿದೆವು. "ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋವು ಹೋದ್ರ ಸಾಕಾಗಿತ್ತು. ಮರುದಿನ ಕೆಲಸಕ್ಕ ಹೋಗಬೇಕಲ್ಲಾ?" ಎಂದರು.

ಈ ಲೇಖನ ಬರೆಯಲು ಕಾರಣ ಆ ಕೊನೆಯ ಮಾತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ದೈವಗತಿಯೆಂಬಂತೆ ಆಡುತ್ತೇವೆ. ಆದರೆ ತೋಟದ ಲೈನುಗಳಲ್ಲಿ ಹಲ್ಲು ಹೋಗುವುದಕ್ಕೆ ಮುಪ್ಪೊಂದೇ ಕಾರಣವಲ್ಲ, ಲೆಕ್ಕವೂ ಕಾರಣ. ಹಲ್ಲು ಕೀಳಿಸಲು ಒಂದು ದಿನದ ಕೂಲಿ ಹೋಗುತ್ತದೆ. ಉಳಿಸಲು ಎರಡು ಮೂರು ದಿನದ ಕೂಲಿ, ಅಷ್ಟು ಸಲದ ಬಸ್ ಚಾರ್ಜು, ಮೇಲೆ ಔಷಧದ ಹಣ. ಹಾಗಾಗಿ ಉಳ್ಳವರ ಮನೆಯಲ್ಲಿ ರಿಪೇರಿಯಾಗುವ ಹಲ್ಲು ನಮ್ಮ ಮನೆಯಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಇದು ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಬದಲಾಗಬೇಕಾದರೆ ಹಲ್ಲಿಗೆ ಏನೇನು ಚಿಕಿತ್ಸೆ ಇದೆ ಎಂಬುದು ಮೊದಲು ನಮಗೆ ತಿಳಿದಿರಬೇಕು. ತಿಳಿಯದವನು ಕೇಳುವುದಾದರೂ ಏನನ್ನು?

ಕೆಟ್ಟ ಹಲ್ಲಿಗೆ ಹುಳುಕು ಹಲ್ಲು ಎನ್ನುತ್ತೇವೆ. ಈ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಹಲ್ಲಿನೊಳಗೆ ಹುಳ ಇರುವುದಿಲ್ಲ. ಬೀಜ ಸುಟ್ಟ ಹೊಗೆಯನ್ನು ಬಾಯಿಗೆ ಹಿಡಿಸಿ, ನೀರಿನ ಬಟ್ಟಲಿನಲ್ಲಿ ಬಿಳಿಯ ಹುಳ ಉದುರಿದ್ದನ್ನು ತೋರಿಸಿ ದುಡ್ಡು ಕೇಳುವವರನ್ನು ನೀವೂ ಕಂಡಿರುತ್ತೀರಿ. ಆ ಬಿಳಿಯ ಎಳೆಗಳು ಬೀಜದೊಳಗಿನ ಮೊಳಕೆಗಳೇ ಹೊರತು ಹಲ್ಲಿನಿಂದ ಬಂದವಲ್ಲ. ನಿಜವಾಗಿ ನಡೆಯುವುದೇನೆಂದರೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಲ್ಲಿಗೆ ಅಂಟಿದ ಸಿಹಿಯನ್ನು ತಿಂದು ಹುಳಿಯನ್ನು ಉಂಟುಮಾಡುತ್ತವೆ. ಆ ಹುಳಿ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಒಂದು ಸಲ ಸಿಹಿ ತಿಂದರೆ ಸ್ವಲ್ಪ ಹೊತ್ತಿನಲ್ಲಿ ಎಂಜಲೇ ಅದನ್ನು ಸರಿಮಾಡುತ್ತದೆ. ದಿನಕ್ಕೆ ಐದಾರು ಸಲವಾದರೆ ಎಂಜಲಿಗೆ ಬಿಡುವೇ ಇರುವುದಿಲ್ಲ. ಊರಿನಲ್ಲಿದ್ದಾಗ ರೊಟ್ಟಿ, ಸೊಪ್ಪು, ಬೇವಿನ ಕಡ್ಡಿ. ತೋಟಕ್ಕೆ ಬಂದ ಮೇಲೆ ಬೆಳಿಗ್ಗೆ ಬೆಲ್ಲದ ಕಾಫಿ, ಹತ್ತು ಗಂಟೆಗೆ ಕಾಫಿ, ಸಂಜೆಗೆ ಕಾಫಿ, ಅಳುವ ಮಗುವಿನ ಕೈಗೆ ಬಿಸ್ಕತ್ತು. ಚಳಿಯಲ್ಲಿ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನಮಗೂ ಇಲ್ಲ. ಬೆಲ್ಲ ಕಡಿಮೆ ಮಾಡಿ, ಊಟದ ಜೊತೆಗೇ ಕುಡಿಯಿರಿ ಎನ್ನಬಹುದು.

ತೂತು ಚಿಕ್ಕದಿದ್ದಾಗ ನೋವೇ ಇರುವುದಿಲ್ಲ. ಕಪ್ಪು ಚುಕ್ಕೆಯೊಂದು ಕಾಣಬಹುದು, ತಣ್ಣೀರು ಕುಡಿದರೆ ಜುಮ್ಮೆನ್ನಬಹುದು. ಆಗ ಹೋದರೆ ಕೆಟ್ಟ ಭಾಗವನ್ನು ತೆಗೆದು ಸಿಮೆಂಟ್ ತುಂಬಿಸಿದರೆ ಮುಗಿಯಿತು. ಒಂದೇ ದಿನದ ಕೆಲಸ, ಕೀಳಿಸುವಷ್ಟೇ ಹೊತ್ತು. ನಮ್ಮವರು ಆ ಹೊತ್ತಿಗೆ ಹೋಗುವುದಿಲ್ಲ. ನೋವಿಲ್ಲದಿರುವಾಗ ಕೂಲಿ ಬಿಟ್ಟು ಹೋಗುವುದೆಂದರೆ ಹುಚ್ಚುತನವೆಂದು ಕಾಣುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಲ್ಲಿನ ಚಿಕಿತ್ಸೆಯೆಂದರೆ ದೊಡ್ಡ ಕುರ್ಚಿ, ಕರೆಂಟು, ಗುಂಯ್ಗುಡುವ ಯಂತ್ರ ಎಲ್ಲವೂ ಬೇಕು, ತೋಟದ ಡಿಸ್ಪೆನ್ಸರಿಯಲ್ಲಿ ಅದಾಗದು ಎಂದು ಹೇಳುತ್ತಾರೆ. ಎಲ್ಲದಕ್ಕೂ ಹಾಗೆ ಬೇಕಿಲ್ಲ. 1980ರ ದಶಕದ ನಡುವಿನಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ, ಕರೆಂಟಿಲ್ಲದ ಹಳ್ಳಿಗಳಿಗಾಗಿ ಒಂದು ವಿಧಾನವನ್ನು ರೂಢಿಗೆ ತಂದರು. ಚಿಕ್ಕ ಚಮಚದಂಥ ಕೈಸಾಧನದಿಂದ ಮೆತ್ತಗಾದ ಭಾಗವನ್ನು ಕೆರೆದು ತೆಗೆದು, ಗ್ಲಾಸ್ ಅಯಾನೊಮರ್ ಎಂಬ ಬಿಳಿಯ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುವುದು. ಯಂತ್ರ ಬೇಡ, ಬಹಳ ಸಲ ಇಂಜಕ್ಷನ್ನೂ ಬೇಡ. ಇನ್ನೊಂದು ಔಷಧ ಸಿಲ್ವರ್ ಡಯಮೈನ್ ಫ್ಲೋರೈಡ್. ಹುಳುಕಿಗೆ ಒಂದು ತೊಟ್ಟು ಸವರಿದರೆ ಅದು ಮುಂದಕ್ಕೆ ಹಬ್ಬದಂತೆ ತಡೆಯುತ್ತದೆ. ಹುಳುಕಾದ ಜಾಗ ಕಪ್ಪಾಗುತ್ತದೆ ಎಂಬುದೊಂದೇ ಕೊರತೆ. ಮಕ್ಕಳ ಹಾಲುಹಲ್ಲಿಗೆ ಅದರಿಂದ ಬಹಳ ಉಪಕಾರ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಎರಡನ್ನೂ, ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ತಿಂಗಳಿಗೊಮ್ಮೆ ದಂತವೈದ್ಯರೊಬ್ಬರು ಬಂದು ಡಿಸ್ಪೆನ್ಸರಿಯ ಬೆಂಚಿನ ಮೇಲೆ ಮಾಡಬಹುದಾದ ಕೆಲಸವಿದು. ತೋಟದವರು ಮನಸ್ಸು ಮಾಡಬೇಕಷ್ಟೆ.

ತೂತು ಆಳಕ್ಕೆ ಇಳಿದು ಒಳಗಿನ ನರಕ್ಕೆ ತಾಗಿದರೆ ರಾತ್ರಿಯೆಲ್ಲ ಸಿಡಿಯುವ ನೋವು ಶುರುವಾಗುತ್ತದೆ. ನಮ್ಮವರು ಆಸ್ಪತ್ರೆಗೆ ಹೊರಡುವುದು ಈಗ. ಈ ಹಂತದಲ್ಲಿಯೂ ಬಹಳಷ್ಟು ಹಲ್ಲುಗಳನ್ನು ಉಳಿಸಬಹುದು. ಅದಕ್ಕೆ ರೂಟ್ ಕೆನಾಲ್ ಎನ್ನುತ್ತಾರೆ. ಮರಗಟ್ಟುವ ಇಂಜಕ್ಷನ್ ಕೊಟ್ಟು, ಕೆಟ್ಟ ನರವನ್ನು ತೆಗೆದು, ಬೇರಿನೊಳಗಿನ ನಾಳವನ್ನು ತೊಳೆದು ಶುದ್ಧಮಾಡಿ ಮುಚ್ಚುವುದು. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ದವಡೆ ಹಲ್ಲಿಗೆ ಮೂರು ನಾಲ್ಕು. ಆದ್ದರಿಂದಲೇ ದವಡೆ ಹಲ್ಲಿಗೆ ಹೆಚ್ಚು ಸಮಯ, ಹೆಚ್ಚು ಹಣ. ನರ ತೆಗೆದ ದವಡೆ ಹಲ್ಲು ಸೀಳುವ ಸಂಭವ ಹೆಚ್ಚಾದ್ದರಿಂದ ಅದಕ್ಕೆ ಕ್ಯಾಪ್ ಹಾಕಿಸಬೇಕಾಗುತ್ತದೆ. ಮೊದಲ ದಿನವೇ ನೋವು ನಿಂತಿತೆಂದು ಎರಡನೆಯ ಸಲ ಹೋಗದೆ ಉಳಿದವರು ನಮ್ಮಲ್ಲಿ ಎಷ್ಟು ಜನ! ಅರ್ಧಕ್ಕೆ ಬಿಟ್ಟ ರೂಟ್ ಕೆನಾಲಿನ ಹಲ್ಲು ಮತ್ತೆ ಕೀವು ತುಂಬಿಕೊಳ್ಳುತ್ತದೆ. ಆಮೇಲೆ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ.

ತಾಯಂದಿರು ದಯವಿಟ್ಟು ಇದೊಂದನ್ನು ಗಮನಿಸಬೇಕು. ಮಗುವಿಗೆ ಸುಮಾರು ಆರು ವರ್ಷವಾದಾಗ, ಹಾಲುಹಲ್ಲು ಇನ್ನೂ ಬೀಳುವ ಮೊದಲೇ, ಎಲ್ಲಕ್ಕೂ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದು ಬಂದದ್ದಲ್ಲವಾದ್ದರಿಂದ ಅದೂ ಹಾಲುಹಲ್ಲೇ, ಹುಳುಕಾದರೆ ಬಿದ್ದು ಬೇರೆ ಬರುತ್ತದೆ ಎಂದುಕೊಳ್ಳುತ್ತೇವೆ. ಅದು ಜೀವನಪರ್ಯಂತದ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ. ಎಡ ಬಲ, ಮೇಲೆ ಕೆಳಗೆ ಎಂದು ಅಂಥವು ನಾಲ್ಕು. ಮೇಲೆ ಹೇಳಿದ ಚಿಗವ್ವ ಮೊದಲು ಕಳೆದುಕೊಂಡದ್ದು ಈ ನಾಲ್ಕನ್ನೇ. ಮಗುವಿಗೆ ಆರು ತುಂಬಿದ ವರ್ಷ ಬೆಳಕಿನಲ್ಲಿ ಬಾಯಿ ತೆರೆಸಿ ಹಿಂದಿನ ತುದಿಯನ್ನು ಒಮ್ಮೆ ನೋಡಿ. ಕಪ್ಪು ಗೆರೆ ಕಂಡರೆ ಶಾಲೆಯ ರಜೆಗೆ ಕಾಯಬೇಡಿ.

ಇನ್ನು ವಸಡಿನ ಮಾತು. ಹುಳುಕಾದರೂ ನೋಯುತ್ತದೆ, ಎಚ್ಚರಿಸುತ್ತದೆ. ವಸಡಿನ ರೋಗ ಸದ್ದಿಲ್ಲದೆ ಬರುತ್ತದೆ. ಹಲ್ಲಿನ ಬುಡದಲ್ಲಿ ಅಂಟಿದ ಕೊಳೆಯನ್ನು ದಿನವೂ ತೆಗೆಯದಿದ್ದರೆ ಅದು ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗಿ ಕಲ್ಲಿನಂಥ ಪದರವಾಗುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ರಕ್ತ ಬಂತೆಂದು ಉಜ್ಜುವುದನ್ನೇ ಬಿಟ್ಟುಬಿಡುತ್ತೇವೆ. ಅದೇ ತಪ್ಪು, ಆಗ ಕೊಳೆ ಮತ್ತಷ್ಟು ಕೂರುತ್ತದೆ. ಈ ಹಂತದಲ್ಲಿ ಶುದ್ಧಮಾಡಿಸಿ ಚೆನ್ನಾಗಿ ಉಜ್ಜಿದರೆ ವಸಡು ಪೂರ್ತಿ ಗುಣವಾಗುತ್ತದೆ. ಬಿಟ್ಟರೆ ರೋಗ ಒಳಕ್ಕಿಳಿದು ಹಲ್ಲನ್ನು ಹಿಡಿದ ಎಲುಬನ್ನೇ ಕರಗಿಸುತ್ತದೆ. ಹೋದ ಎಲುಬು ತಾನಾಗಿ ಮರಳಿ ಬರುವುದಿಲ್ಲ. ಹುಳುಕೇ ಇಲ್ಲದ ಒಳ್ಳೆಯ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ ಉದುರುತ್ತವೆ.

ಇದಕ್ಕೆ ಮೊದಲ ಚಿಕಿತ್ಸೆ ಸ್ಕೇಲಿಂಗ್, ಅಂದರೆ ಆ ಕಲ್ಲಿನ ಪದರವನ್ನು ತೆಗೆಸುವುದು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ" ಎಂಬ ಮಾತು ಪ್ರತಿಯೊಂದು ಲೈನಿನಲ್ಲಿಯೂ ಇದೆ. ನಾವೂ ಬಹಳ ದಿನ ಹಾಗೆಯೇ ನಂಬಿದ್ದೆವು. ಯೋಚಿಸಿ ನೋಡಿ. ಬುಡದ ಮಣ್ಣು ಕೊಚ್ಚಿಹೋದ ಬೇಲಿಗೂಟದ ಸುತ್ತ ಕೆಸರು ಒಣಗಿ ಹಿಡಿದುಕೊಂಡಿದೆ. ಕೆಸರು ಕೆರೆದರೆ ಗೂಟ ಅಲ್ಲಾಡುವುದು ಕಾಣುತ್ತದೆ. ಗೂಟವನ್ನು ಸಡಿಲಿಸಿದ್ದು ಕೆರೆದವನೇ? ಸ್ಕೇಲಿಂಗ್ ಆದ ಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು, ಹಲ್ಲಿನ ಸಂದು ಕಾಣುವುದು ಸಹಜ. ರೋಗ ಆಳವಾಗಿದ್ದರೆ ವಸಡಿನ ಒಳಗೆ ಬೇರಿನ ಮೇಲಿನದನ್ನೂ ಕೆರೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ವಸಡನ್ನು ಸ್ವಲ್ಪ ಬಿಡಿಸಿ ಶುದ್ಧಮಾಡಿ ಹೊಲಿಯುವ ಆಪರೇಷನ್ ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ರೋಗ ಬೇಗ ಬಲಿಯುತ್ತದೆ, ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದಿಲ್ಲ. ಬಸುರಿಯರಿಗೆ ವಸಡಿನಲ್ಲಿ ರಕ್ತ ಬರುವುದುಂಟು. ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದೆಂಬುದೂ ಬರೀ ಮಾತು. ನಡುವಿನ ಮೂರು ತಿಂಗಳು ಚಿಕಿತ್ಸೆಗೆ ಅನುಕೂಲದ ಸಮಯ. ಬಸುರಿ ಎಂದು ಮೊದಲೇ ತಿಳಿಸಿದರಾಯಿತು.

ಎಲೆ, ಅಡಿಕೆ, ಕಡ್ಡಿಪುಡಿಯ ವಿಷಯ ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ ಎಂದು ಬಲ್ಲೆವು. ಜಿಗಣೆ ಕಾಟದಲ್ಲಿ, ಮಳೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಅದೊಂದು ಆಸರೆ. ಆದರೂ ಸತ್ಯವನ್ನು ಮುಚ್ಚಿಡಲಾಗದು. ತಂಬಾಕು ವಸಡಿನ ರೋಗವನ್ನು ಹೆಚ್ಚಿಸುತ್ತದೆ, ಮೇಲಾಗಿ ರಕ್ತ ಬರುವುದನ್ನು ಕಡಿಮೆ ಮಾಡಿ ರೋಗವನ್ನು ಮರೆಮಾಚುತ್ತದೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ತೀರ್ಮಾನಿಸಿತು. ಅಡಿಕೆ ಜಗಿಯುವವರಲ್ಲಿ ಬಾಯಿ ಬರಬರುತ್ತಾ ಬಿಗಿದು, ಮೂರು ಬೆರಳು ತೂರದಷ್ಟು ಆಗುವುದುಂಟು. ಅಂಥವರು, ಎರಡು ವಾರ ಕಳೆದರೂ ಮಾಯದ ಹುಣ್ಣಿರುವವರು ತಡಮಾಡದೆ ತೋರಿಸಬೇಕು. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಅಮ್ಮಂದಿರಿಗೂ ಒಂದು ಮಾತು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ನಮ್ಮ ಸರಕಾರವು 1992ರಲ್ಲಿಯೇ ನಿಷೇಧಿಸಿತು. ಅಂಗಡಿಯವನಿಗೆ ಬೇಡವೆಂದದ್ದನ್ನು ನಾವು ಒಲೆಯ ಮೇಲೆ ಮಾಡಿಕೊಳ್ಳುವುದೇಕೆ?

ಕೀಳಿಸುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಬೇರಿನವರೆಗೆ ಒಡೆದ ಹಲ್ಲು, ಎಲುಬೆಲ್ಲ ಹೋಗಿ ತೂಗಾಡುವ ಹಲ್ಲು, ಅಡ್ಡ ಸಿಕ್ಕಿಕೊಂಡು ಮತ್ತೆ ಮತ್ತೆ ಕೀವಾಗುವ ಬುದ್ಧಿಹಲ್ಲು, ಇವುಗಳನ್ನು ತೆಗೆಸಲೇಬೇಕು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಎಂಬ ಹೆದರಿಕೆ ಬೇಡ. ಆದರೆ ಕೀಳುವವರು ಓದಿ ನೋಂದಣಿಯಾದ ದಂತವೈದ್ಯರಾಗಿರಲಿ, ಸಾಧನಗಳನ್ನು ಸರಿಯಾಗಿ ಶುದ್ಧಮಾಡಿದ್ದಾಗಿರಲಿ. ಸಂತೆಯ ಇಕ್ಕಳ ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಾಮಾಲೆಯನ್ನೂ ದಾಟಿಸಬಲ್ಲದು. ಬಿ.ಪಿ., ಸಕ್ಕರೆ, ಹೃದಯದ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಯಾವುದಿದ್ದರೂ ಮುಂಚೆ ಹೇಳಿ. ಕೀಳಿಸಿದ ಮೇಲೆ ಅರ್ಧ ಗಂಟೆ ಹತ್ತಿಯನ್ನು ಕಚ್ಚಿ ಹಿಡಿದಿರಿ. ಆ ದಿನ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಬೀಡಿ, ಎಲೆ ಅಡಿಕೆ ಬೇಡ. ಹೆಪ್ಪು ಕಿತ್ತುಹೋದರೆ ಮೊದಲಿಗಿಂತ ಹೆಚ್ಚಿನ ನೋವು ಕಾದಿರುತ್ತದೆ.

ಇನ್ನೊಂದು ಎಚ್ಚರಿಕೆ. ಹಲ್ಲುನೋವಿನ ಜೊತೆಗೆ ಜ್ವರ ಬಂದು, ದವಡೆಯ ಕೆಳಗೆ ಕುತ್ತಿಗೆ ಊದಿ, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಬಾರದು. ಆ ಬಾವು ಉಸಿರನ್ನೇ ಕಟ್ಟಿಬಿಡಬಹುದು. ತೋಟದ ಜೀಪು ಕೇಳಿ, ಕೊಡದಿದ್ದರೆ 108ಕ್ಕೆ ಫೋನು ಮಾಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಲವಂಗದ ಎಣ್ಣೆ, ನೋವಿನ ಮಾತ್ರೆ ಒಂದೆರಡು ದಿನ ತಡೆದಾವು, ಗುಣಪಡಿಸಲಾರವು. ಅಂಗಡಿಯಲ್ಲಿ ಕೊಡುವ ಬಣ್ಣದ ಕ್ಯಾಪ್ಸೂಲುಗಳೂ ಅಷ್ಟೇ.

ಕರ್ನಾಟಕ ಸರಕಾರವು 2014ರಲ್ಲಿ ದಂತ ಭಾಗ್ಯ ಎಂಬ ಯೋಜನೆಯನ್ನು ತಂದು, ಹಲ್ಲೆಲ್ಲ ಹೋದ ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ತೊಡಗಿತು. ಅದು ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ಎಲ್ಲವೂ ಹೋಗುವವರೆಗೆ ಕಾಯ್ದು ಆಮೇಲೆ ಕಟ್ಟಿಕೊಡುವ ಬದಲು, ಇರುವಾಗಲೇ ಉಳಿಸಿಕೊಡುವ ಭಾಗ್ಯವೂ ಬೇಕು ಎಂದು ಕೇಳುವುದು ಅತಿಯಾಸೆಯಲ್ಲವಷ್ಟೆ.

ಯಾರನ್ನು ಕೇಳಬೇಕು? ಮೊದಲು ತೋಟದ ಆಡಳಿತದವರನ್ನು. 1951ರ ತೋಟ ಕಾರ್ಮಿಕರ ಕಾಯಿದೆಯು ಕೆಲಸಗಾರರಿಗೂ ಅವರ ಮನೆಯವರಿಗೂ ವೈದ್ಯಸೌಕರ್ಯ ಒದಗಿಸುವ ಹೊಣೆಯನ್ನು ಯಜಮಾನರ ಮೇಲೆ ಹಾಕಿತು. 2020ರಲ್ಲಿ ಪಾಸಾದ ಹೊಸ ಸಂಹಿತೆಯಲ್ಲಿಯೂ ತೋಟದವರ ಆರೋಗ್ಯದ ಹೊಣೆಯ ಮಾತಿದೆ. ಕೈ ಮುರಿದರೆ ವೈದ್ಯಸೌಕರ್ಯ, ಹಲ್ಲು ಕೆಟ್ಟರೆ ಸ್ವಂತ ಖರ್ಚು ಎಂದು ಯಾರು ಗೆರೆ ಎಳೆದರು? ಹಲ್ಲಿನ ಚಿಕಿತ್ಸೆಗೆ ಹೋದವನು ವೈದ್ಯರ ಚೀಟಿ ತಂದರೆ ಆ ದಿನವನ್ನು ಕಾಯಿಲೆಯ ದಿನವೆಂದು ಬರೆಯಬೇಕೆಂಬುದು ನಮ್ಮ ಬೇಡಿಕೆ. ಮುಂದಿನ ಮಾತುಕತೆಯಲ್ಲಿ ಯೂನಿಯನ್ನಿನವರು ಇದನ್ನೂ ಸೇರಿಸಬೇಕು. ಬೋನಸ್ಸಿನ ಮುಂದೆ ಹಲ್ಲಿನ ಮಾತು ಸಣ್ಣದೆಂದು ನಗುವವರು ನಕ್ಕುಕೊಳ್ಳಲಿ.

ಎರಡನೆಯದಾಗಿ, ದಂತ ಕಾಲೇಜುಗಳು. ವಿರಾಜಪೇಟೆಯಲ್ಲಿದೆ, ಸುಳ್ಯದಲ್ಲಿದೆ, ಹಾಸನದಲ್ಲಿದೆ. ಊರಿನ ಕಡೆಗೆ ಕರ್ನೂಲು, ರಾಯಚೂರುಗಳಲ್ಲಿಯೂ ಇವೆ. ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರಿಂದ ನಡೆಯುತ್ತಿದೆ. ಕಾಲೇಜುಗಳಲ್ಲಿ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚು. ವಿದ್ಯಾರ್ಥಿಗಳು ಮಾಡಿದರೂ ಗುರುಗಳು ನಿಂತು ನೋಡುತ್ತಾರೆ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಒಬ್ಬೊಬ್ಬರೇ ಹೋಗುವ ಬದಲು ಹತ್ತು ಹನ್ನೆರಡು ಜನ ಕೂಡಿ ಒಂದು ಗಾಡಿ ಮಾಡಿಕೊಂಡು ಹೋದರೆ ಖರ್ಚು ಹಂಚಿಹೋಗುತ್ತದೆ, ಧೈರ್ಯವೂ ಇರುತ್ತದೆ. ಹೋದವರು ಕುರ್ಚಿಯ ಮೇಲೆ ಕೂತ ಕೂಡಲೇ ಕೇಳಬೇಕಾದ್ದು ಇಷ್ಟೇ: "ಡಾಕ್ಟರೇ, ಈ ಹಲ್ಲನ್ನು ಉಳಿಸಬಹುದೇ? ಉಳಿಸಲು ಎಷ್ಟು ಸಲ ಬರಬೇಕು, ಎಷ್ಟು ಖರ್ಚು?" ಉತ್ತರ ಕೇಳಿದ ಮೇಲೆ ಕೀಳಿಸುವುದೇ ಸರಿ ಎಂದು ತೋರಿದರೆ ಕೀಳಿಸಲಿ. ಅದು ಅವರು ತಿಳಿದು ಮಾಡಿದ ತೀರ್ಮಾನವಾಗಿರುತ್ತದೆ.

ಊರಿನಿಂದ ಮರಳಿದ ಮೇಲೆ ಆ ಚಿಗವ್ವನನ್ನು ನಮ್ಮ ಹೆಣ್ಣುಮಕ್ಕಳು ಒಂದು ದಂತ ಕಾಲೇಜಿಗೆ ಕರೆದುಕೊಂಡು ಹೋದರು. ವಸಡು ಶುದ್ಧಮಾಡಿದರು, ಎರಡು ಹಲ್ಲಿಗೆ ಸಿಮೆಂಟ್ ತುಂಬಿದರು. ಇನ್ನೊಂದಕ್ಕೆ ರೂಟ್ ಕೆನಾಲ್ ಆಯಿತು, ಕ್ಯಾಪ್ ಇನ್ನೂ ಹಾಕಬೇಕು. ಒಟ್ಟು ಮೂರು ಸಲ ಹೋಗಿ ಬಂದರು. ಮೂರೂ ದಿನದ ಚೀಟಿಗಳನ್ನು ಮಡಚಿ ಎಲೆಚೀಲದಲ್ಲಿ ಇಟ್ಟುಕೊಂಡಿದ್ದಾರೆ. ರೈಟರ ಪುಸ್ತಕದಲ್ಲಿ ಆ ಮೂರು ದಿನಗಳೂ ಗೈರುಹಾಜರಿ ಎಂದೇ ಇವೆ.